ಅರಳು ಮರಳಿನ ಹಿಂದೆ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕನ್ನಡದ ಮನೆಮನೆಯಲ್ಲೂ ಉಂಟು. ಹಿರಿಯರು ತಡವರಿಸಿದಾಗಲೆಲ್ಲ ಅದು ಯಾರಾದರೊಬ್ಬರ ಬಾಯಿಂದ ಹೊರಬೀಳುತ್ತದೆ. ಅದರಲ್ಲಿ ಕೊಂಚ ತಮಾಷೆಯಿದೆ, ಕೊಂಚ ಸಮಾಧಾನವೂ ಇದೆ. ತೊಂದರೆಯೆಂದರೆ, ಆ ಮಾತು ಆಡಿದ ಮೇಲೆ ಯಾರೂ ಕಾರಣ ಕೇಳಲು ಹೋಗುವುದಿಲ್ಲ.

ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಮನೆಯಲ್ಲೂ ಹಾಗೆಯೇ ಆಯಿತು. ಮೊಮ್ಮಗಳಿಗೆ ಬೀಜಗಣಿತ ಹೇಳಿಕೊಡುವಾಗ ಅವರು ನಡುವೆ ನಿಂತುಬಿಡುತ್ತಿದ್ದರು. ಲೆಕ್ಕ ಮರೆತಿರಲಿಲ್ಲ, ಮುಂದಿನ ಹಂತಕ್ಕೆ ಹೋಗಲು ಬಹಳ ಹೊತ್ತು ಹಿಡಿಯುತ್ತಿತ್ತು. ನಡೆಯುವಾಗ ಹೆಜ್ಜೆಗಳು ಗಿಡ್ಡವಾದವು, ಮಾತು ಕಡಿಮೆಯಾಯಿತು. ಮನೆಯವರು ಅದನ್ನು ಮುನಿಸು ಎಂದುಕೊಂಡರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿದ್ದ ಮೊಮ್ಮಗಳು, "ಬಿಡಿ ತಾತ, ಟ್ಯೂಷನ್‌ನಲ್ಲಿ ಕೇಳ್ಕೋತೀನಿ" ಎಂದು ಪುಸ್ತಕ ಎತ್ತಿಕೊಂಡು ಎದ್ದುಹೋದಳು. ಆಮೇಲೆ ಮೇಷ್ಟ್ರು ತಾವಾಗಿ ಪೆನ್ಸಿಲು ಹಿಡಿಯಲಿಲ್ಲ.

ಒಂದು ದಿನ ಬಚ್ಚಲಿನಲ್ಲಿ ಆಯತಪ್ಪಿ ಬಿದ್ದಾಗ ವೈದ್ಯರು ಎಂ.ಆರ್.ಐ. ಮಾಡಿಸಲು ಹೇಳಿದರು. ಚಿತ್ರದಲ್ಲಿ ಮೆದುಳಿನ ಒಳಭಾಗದ ತುಂಬ ಬಿಳಿಯ ಮಚ್ಚೆಗಳು, ನಡುವೆ ಕೆಲವು ಪುಟ್ಟ ಗುಳಿಗಳು ಕಂಡವು. ಒಮ್ಮೆಯೂ ಲಕ್ವ ಹೊಡೆಯದ ಮನುಷ್ಯರಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಮನೆಯವರು ಬೆರಗಾದರು. ರಕ್ತದೊತ್ತಡದ ಮಾತ್ರೆಯನ್ನು ಅವರು ತಲೆಸುತ್ತು ಬಂದಾಗ ಮಾತ್ರ ನುಂಗುತ್ತಿದ್ದರೆಂಬುದು ಆಗ ಹೊರಬಿತ್ತು.

ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟು ಅದಕ್ಕೇ ಬೇಕು. ಒಳಭಾಗಕ್ಕೆ ರಕ್ತ ಒಯ್ಯುವ ನಾಳಗಳು ಬಹಳ ಸಣ್ಣವು. ವರ್ಷಗಟ್ಟಲೆ ಒತ್ತಡ ಏರಿಯೇ ಇದ್ದರೆ ಅವುಗಳ ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದಂತೆ, ಆಳದ ನರತಂತುಗಳಿಗೆ ರಕ್ತ ಸಾಲದಾಗುತ್ತದೆ. ಈ ತಂತುಗಳು ಮೆದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ತಂತಿಗಳು. ಅವು ಸವೆದಾಗ ನೆನಪಿಗಿಂತ ಮೊದಲು ಯೋಚನೆಯ ವೇಗ ಮತ್ತು ನಡಿಗೆ ಕುಂಠಿತವಾಗುವುದುಂಟು. ಮೇಷ್ಟ್ರಿಗೆ ಆದದ್ದು ಅದೇ.

ಒಟ್ಟೋ ಬಿನ್ಸ್‌ವಾಂಗರ್ 1894ರಲ್ಲೇ ಇಂಥ ಕಾಯಿಲೆಯನ್ನು ವರ್ಣಿಸಿದ್ದರು. ಬಾಸ್ಟನ್ನಿನ ಮಿಲ್ಲರ್ ಫಿಶರ್ ಸತ್ತವರ ಮೆದುಳುಗಳನ್ನು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ನಾಳಗಳ ಜಾಡು ಹಿಡಿದು, ಈ ಗುಳಿಗಳಿಗೂ ರಕ್ತದೊತ್ತಡಕ್ಕೂ ಇರುವ ನಂಟನ್ನು 1965ರಲ್ಲಿ ವಿವರಿಸಿದರು. ಅವರು ಸಾವಿನ ನಂತರ ಕಂಡದ್ದನ್ನು ಎಂ.ಆರ್.ಐ. ಈಗ ಬದುಕಿರುವಾಗಲೇ ತೋರಿಸುತ್ತದೆ. ವಯಸ್ಸಾದವರಲ್ಲಿ ಒಂದೆರಡು ಮಚ್ಚೆ ಕಾಣುವುದು ಸಾಮಾನ್ಯ; ಅಷ್ಟಕ್ಕೇ ಗಾಬರಿ ಬೇಡ.

ರಕ್ತಪರೀಕ್ಷೆಯಲ್ಲೇ ಇದು ತಿಳಿಯಲಾರದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ನರತಂತುವಿಗೆ ಆಧಾರವಾಗಿರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನು, ತಂತು ಹಾಳಾದಾಗ ಹೊರಸೋರಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೇರುತ್ತದೆ. ಮೆದುಳಿನ ಹಾನಿ ಹೆಚ್ಚಿದಷ್ಟೂ ಅದರ ಮಟ್ಟ ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಬೇರೆ ನರರೋಗಗಳಲ್ಲೂ, ವಯಸ್ಸಾದಂತೆಯೂ ಅದು ಏರುತ್ತದೆ. ಹೊಗೆ ಕಂಡರೆ ಎಲ್ಲೋ ಬೆಂಕಿಯಿದೆ ಎನ್ನಬಹುದು, ಯಾರ ಮನೆಯಲ್ಲಿ ಎನ್ನಲಾಗದು. ಹಾಗಾಗಿ ಅದೊಂದನ್ನೇ ನಂಬಿ ರೋಗದ ಹೆಸರು ಹೇಳುವಂತಿಲ್ಲ.

ಸತ್ತ ತಂತುವನ್ನು ಮತ್ತೆ ಚಿಗುರಿಸುವ ಔಷಧಿಯಿಲ್ಲ. ಹಾನಿ ಹಬ್ಬುವುದನ್ನು ಮಾತ್ರ ನಿಧಾನಿಸಬಹುದು. ಅಮೆರಿಕದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಬಿಳಿ ಮಚ್ಚೆಗಳು ಕಡಿಮೆ ಬೆಳೆದವು: ಸುಮಾರು 4 ವರ್ಷಗಳಲ್ಲಿ 1.45 ಘನ ಸೆಂಟಿಮೀಟರಿಗೆ ಬದಲಾಗಿ 0.92. ಯಾರಿಗೆ ಎಷ್ಟು ಒತ್ತಡ ಸರಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ತೀರಾ ಇಳಿದರೂ ಹಿರಿಯರು ತಲೆಸುತ್ತಿ ಬೀಳುತ್ತಾರೆ.

ಮೇಷ್ಟ್ರು ಈಗ ದಿನವೂ ಮಾತ್ರೆ ನುಂಗುತ್ತಾರೆ, ಸಂಜೆ ನಡೆಯುತ್ತಾರೆ. ಹಳೆಯ ಚುರುಕು ಮರಳಿಲ್ಲ. ಬದಲಾದವರು ಮನೆಯವರು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದನ್ನು ಅವರು ಕಲಿತಿದ್ದಾರೆ.

ಈ ಹಾನಿ ಅರವತ್ತಕ್ಕೆ ಶುರುವಾಗುವುದಲ್ಲ; ನಲವತ್ತರ ಆಸುಪಾಸಿನಲ್ಲಿ ಸದ್ದಿಲ್ಲದೆ ಏರಿದ ರಕ್ತದೊತ್ತಡದಲ್ಲೇ ಅದರ ಬೇರು ಇರಬಹುದು. ಹೈಸ್ಕೂಲು, ಕಾಲೇಜಿನ ಮಕ್ಕಳ ತಂದೆತಾಯಂದಿರ ವಯಸ್ಸು ಅದೇ. ಮಕ್ಕಳ ಅಂಕಪಟ್ಟಿಯನ್ನು ಬಿಡದೆ ನೋಡುವವರು ತಮ್ಮ ರಕ್ತದೊತ್ತಡದ ಅಂಕಿಯನ್ನು ನೋಡಿಕೊಂಡು ಎಷ್ಟು ದಿನವಾಯಿತು? ಅದಕ್ಕೆ ಎಂ.ಆರ್.ಐ. ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋಳಿಗೆ ಸುತ್ತುವ ಪಟ್ಟಿ ಸಾಕು.