ಎಂಟೂವರೆಯ ಮಳೆ, ಒಂಬತ್ತು ಹತ್ತರ ಕ್ರಾನ್

ವಸ್ತಾರೆ ಸೀಮೆಯಲ್ಲಿ ಮಳೆಗಾಲ ಹಿಡಿದ ಮೇಲೆ ಫೋನಿನಲ್ಲಿ ಯಾರೂ ಕ್ಷೇಮಸಮಾಚಾರದಿಂದ ಶುರುಮಾಡುವುದಿಲ್ಲ. ಆ ಕಡೆಯಿಂದ ‘ಎಷ್ಟು ಬಿತ್ತು?’ ಅನ್ನುತ್ತಾರೆ, ಈ ಕಡೆಯಿಂದ ‘ಎರಡು ನಲವತ್ತು’ ಅನ್ನುತ್ತಾರೆ. ಎರಡು ಇಂಚು ನಲವತ್ತು ಸೆಂಟ್ಸ್ ಎಂದು ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲ್ದೂರಿನವರ ಲೆಕ್ಕ ನಮ್ಮದಕ್ಕಿಂತ ಒಂದು ಕೈ ಮೇಲಿರುತ್ತದೆ, ಮೂಡಿಗೆರೆಯವರದು ಅದಕ್ಕೂ ಮೇಲೆ. ಕಳಸದವರು ಬಾಯಿಬಿಟ್ಟರಂತೂ ಮಿಕ್ಕವರೆಲ್ಲ ತಮ್ಮ ಲೆಕ್ಕವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ನಮ್ಮ ಕಡೆ ಹವ್ಯಾಸಗಳಿಗೆ ಬರವಿಲ್ಲ. ಆಂಥೂರಿಯಂ ಬೆಳೆಸುವವರಿದ್ದಾರೆ, ಹಳೇ ಜೀಪು ಬಿಚ್ಚಿ ಜೋಡಿಸುವವರಿದ್ದಾರೆ, ಇಸ್ಪೀಟಿಗೇ ಬದುಕು ಬರೆದುಕೊಟ್ಟವರಿದ್ದಾರೆ. ನನ್ನ ಹುಚ್ಚು ಬೇರೆ. ಎಲ್ಲೋ ದೂರದ ಕೊಠಡಿಯಲ್ಲಿ ಕೂತಿರುವ ಬಾಡಿಗೆ ವೆಬ್ ಸರ್ವರ್ ಒಂದಕ್ಕೆ, ದಿನಾ ಇಷ್ಟು ಹೊತ್ತಿಗೆ ಈ ಕೆಲಸ ಮಾಡು ಎಂದು ಹೇಳಿಡುವುದು; ಅದು ಮಾಡಿತೇ ಎಂದು ನೋಡುವುದು. ನೆಂಟರಿಷ್ಟರಿಗೆಂದು ಒಂದು ಪುಟ ಇಟ್ಟಿದ್ದೇನೆ. ಅದರಲ್ಲಿರುವುದು ಇಷ್ಟೇ: ಇವತ್ತಿನ ಮಳೆ, ವರ್ಷದ ಒಟ್ಟು ಮಳೆ, ಕಾಫಿ ರೇಟು. ಬೆಂಗಳೂರು ಸೇರಿದ ಅಕ್ಕನ ಮಕ್ಕಳಿಂದ ಹಿಡಿದು ಪಕ್ಕದ ತೋಟದ ಚಿಕ್ಕಪ್ಪನವರೆಗೆ ಎಲ್ಲರೂ ಬೆಳಿಗ್ಗೆ ಒಮ್ಮೆ ಅದನ್ನು ಇಣುಕಿ ನೋಡುತ್ತಾರೆ.

ಹೊತ್ತು ಹೊತ್ತಿಗೆ ಕೆಲಸ ಶುರುಮಾಡಿಸುವವನು ಕ್ರಾನ್. 1979ರಲ್ಲಿ ಬಂದ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಅವನಿದ್ದ. ಇವತ್ತು ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್‌ನ ಸಂತತಿ. ಇವನಿಗೆ ಬುದ್ಧಿ ಕಡಿಮೆ, ನಿಯತ್ತು ಜಾಸ್ತಿ. ನಿಮಿಷಕ್ಕೊಮ್ಮೆ ಏಳುತ್ತಾನೆ, ಕ್ರಾಂಟ್ಯಾಬ್ ಎಂಬ ಪಟ್ಟಿ ನೋಡುತ್ತಾನೆ, ಈ ನಿಮಿಷಕ್ಕೆ ಹೇಳಿದ ಕೆಲಸವಿದ್ದರೆ ಶುರು ಹಚ್ಚಿ ಮತ್ತೆ ಮಲಗುತ್ತಾನೆ. ಪಟ್ಟಿಯ ಒಂದೊಂದು ಸಾಲಿಗೂ ಮೊದಲು ಐದು ಅಂಕಣ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ಯಾವುದಾದರೂ ಆದೀತು ಅನ್ನುವ ಕಡೆ ಒಂದು ನಕ್ಷತ್ರಚಿಹ್ನೆ. ಐದು ಅಂಗಗಳ ಈ ಪಂಚಾಂಗಕ್ಕೂ ಮನೆಯ ಗೋಡೆಗೆ ನೇತುಹಾಕಿದ ಒಂಟಿಕೊಪ್ಪಲ್ ಪಂಚಾಂಗಕ್ಕೂ ಹೊಂದುವುದು ವಾರ ಒಂದೇ. ತಿಥಿ, ನಕ್ಷತ್ರ, ಯೋಗ, ಕರಣಗಳ ಗೊಡವೆ ಕ್ರಾನ್‌ಗಿಲ್ಲ.

ನನ್ನ ಮಳೆಯ ಸಾಲು ಹೀಗಿದೆ: 40 3 * * *. ಬೆಳಗಿನ ಜಾವ ಮೂರೂ ನಲವತ್ತಕ್ಕೆ ಯಾರ ಮಳೆ ಅಳೆಯುತ್ತೀಯ ಎಂದು ಕೇಳಬಾರದು. ಸರ್ವರ್ ನಡೆಯುವುದು ಯುಟಿಸಿ ಎಂಬ ಜಾಗತಿಕ ಕಾಲದಲ್ಲಿ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಒಂಬತ್ತು ಹತ್ತು. ಒಂಬತ್ತು ಹತ್ತೇ ಏಕೆ ಅನ್ನುವುದರ ಹಿಂದೆ ಇನ್ನೊಂದು ಕಥೆಯಿದೆ. ಭಾರತದ ಹವಾಮಾನ ಇಲಾಖೆಗೆ ಮಳೆಯ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಯುಟಿಸಿಯಲ್ಲಿ ಅದು ಸರಿಯಾಗಿ ಮೂರು ಗಂಟೆ. ಜಗತ್ತಿನ ಹವಾಮಾನ ಕೇಂದ್ರಗಳು ಒಟ್ಟಿಗೆ ಲೆಕ್ಕ ತೆಗೆದುಕೊಳ್ಳುವ ಹೊತ್ತುಗಳಲ್ಲಿ ಅದೂ ಒಂದು. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದೆಲ್ಲ ಇವತ್ತಿನ ತಾರೀಕಿಗೆ ಸೇರುತ್ತದೆ. ನಿನ್ನೆ ಮಧ್ಯಾಹ್ನ ಒದ್ದೆಯಾದ ಛತ್ರಿ ಇವತ್ತಿನ ಲೆಕ್ಕಕ್ಕೆ.

ಎಂಟೂವರೆಗೆ ಅಂಗಳದ ಮೂಲೆಯಲ್ಲಿರುವ ಮಳೆಮಾಪಕದ ಹತ್ತಿರ ಹೋಗುತ್ತೇನೆ. ಮೇಲಿನ ಆಲಿಕೆ ತೆಗೆದು, ಒಳಗಿನ ಬಾಟಲಿ ಎತ್ತಿ, ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿಯುತ್ತೇನೆ. ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈ ನಡುವೆ ತಗ್ಗಾಗಿ ಬಾಗಿರುತ್ತದಲ್ಲ, ಆ ತಗ್ಗು ಯಾವ ಗೆರೆಗೆ ಮುಟ್ಟಿದೆ ಎಂದು ಓದಬೇಕು. ಜುಲೈ ತಿಂಗಳಲ್ಲಿ ಒಂದು ಸಲ ಸುರಿದರೆ ಮುಗಿಯುವುದಿಲ್ಲ. ತುಂಬಿಸಿ, ಓದಿ, ಚೆಲ್ಲಿ, ಮತ್ತೆ ತುಂಬಿಸಬೇಕು. ತೋಟದ ರೈಟರ್ ಅದನ್ನು ಮಳೆ ಪುಸ್ತಕದಲ್ಲಿ ಬರೆಯುತ್ತಾರೆ, ನಾನು ಫೋನಿನಲ್ಲಿ ತುಂಬಿಸುತ್ತೇನೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಒಂಬತ್ತು ಹತ್ತಾಗಿರುತ್ತದೆ. ಕ್ರಾನ್ ಕರೆದ ಸ್ಕ್ರಿಪ್ಟ್, ಅಂದರೆ ನಾನು ಬರೆದಿಟ್ಟ ಪುಟ್ಟ ಪ್ರೋಗ್ರಾಮು, ಎದ್ದು ಅಂಕಿ ತೆಗೆದುಕೊಂಡು ಮಿಲಿಮೀಟರಿಗೆ ತಿರುಗಿಸುತ್ತದೆ. ಇಂಚಿಗೆ 25.4ರಂತೆ ಎರಡು ನಲವತ್ತು ಅಂದರೆ 61 ಮಿಲಿಮೀಟರ್. ‘ಅದ್ಯಾವ ಮಿಲಿಮೀಟ್ರು ಮಾರಾಯ, ನೆಟ್ಟಗೆ ಇಂಚಲ್ಲಿ ಹೇಳು’ ಎಂದು ಚಿಕ್ಕಪ್ಪ ಗದರಿದ್ದರಿಂದ ಇಂಚು ದೊಡ್ಡದಾಗಿ, ಮಿಲಿಮೀಟರ್ ಚಿಕ್ಕದಾಗಿ ಬರುತ್ತದೆ. ಅಂಕಿ ತುಂಬಿಸದೇ ಹೋದರೆ ಸ್ಕ್ರಿಪ್ಟ್ ಸೊನ್ನೆ ಹಾಕುವುದಿಲ್ಲ, ‘ಅಳೆದಿಲ್ಲ’ ಎಂದು ಹಾಕುತ್ತದೆ. ಮಳೆ ಬರಲಿಲ್ಲ ಅನ್ನುವುದೂ ಯಾರೂ ನೋಡಲಿಲ್ಲ ಅನ್ನುವುದೂ ಒಂದೇ ಅಲ್ಲ.

ಕಾಫಿ ರೇಟಿನ ಸಾಲು ನನಗೆ ಇನ್ನೂ ಪ್ರಿಯ. ಅರೇಬಿಕಾದ ವಾಯಿದೆ ವಹಿವಾಟು ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ಸ್ ಎಂದು. ರೋಬಸ್ಟಾದ್ದು ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ನಮಗೆ ಬೇಕಾದದ್ದು ಐವತ್ತು ಕಿಲೋ ಮೂಟೆಗೆ ಎಷ್ಟು ರೂಪಾಯಿ ಅನ್ನುವುದು. ಗುಣಿಸಿ ಭಾಗಿಸುವುದು ಸುಲಭ. ಹೊತ್ತು ಹಿಡಿಯುವುದೇ ಮಜಾ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಒಂದೂವರೆಗೆ ಕಾಫಿ ವಹಿವಾಟು ಮುಗಿಯುತ್ತದೆ. ಅಲ್ಲಿಯವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ, ನವೆಂಬರ್‌ನ ಮೊದಲ ಭಾನುವಾರ ಹಿಂದೆಳೆಯುತ್ತಾರೆ. ನಮ್ಮ ಗಡಿಯಾರ ಅಲ್ಲಾಡುವುದಿಲ್ಲ. ಹಾಗಾಗಿ ನಾವು ಸಸಿ ನೆಡುವ ಕಾಲದಲ್ಲಿ ಅಲ್ಲಿನ ಪೇಟೆ ಮುಚ್ಚುವಾಗ ಇಲ್ಲಿ ರಾತ್ರಿ ಹನ್ನೊಂದು. ಹಣ್ಣು ಕುಯ್ಯುವ ಕಾಲದಲ್ಲಿ ಸರಿಯಾಗಿ ನಡುರಾತ್ರಿ.

ನಡುರಾತ್ರಿ ಅಂದ ಕೂಡಲೇ ವಾರ ಬದಲಾಗುತ್ತದೆ. ಅವರ ಶುಕ್ರವಾರದ ರೇಟು ನಮಗೆ ಸಿಗುವಾಗ ಶನಿವಾರ ಹುಟ್ಟಿರುತ್ತದೆ. ನಮ್ಮ ಕಾಲದಲ್ಲಿ ಬರೆಯಲು ಹೋದರೆ ಚಳಿಗಾಲಕ್ಕೆ ಮಂಗಳವಾರದಿಂದ ಶನಿವಾರ ಎಂದೂ ಬೇಸಿಗೆಗೆ ಸೋಮವಾರದಿಂದ ಶುಕ್ರವಾರ ಎಂದೂ ಎರಡು ಸಾಲು ಬೇಕು. ಯುಟಿಸಿಯಲ್ಲಿ ಪೇಟೆ ಮುಚ್ಚುವುದು ಹದಿನೇಳೂವರೆಗೋ ಹದಿನೆಂಟೂವರೆಗೋ, ಅಷ್ಟೇ. ವಾರ ಬದಲಾಗುವುದೇ ಇಲ್ಲ. 45 18 * * 1-5 ಎಂದು ಒಂದೇ ಸಾಲು ಬರೆದಿಟ್ಟರೆ ವರ್ಷವಿಡೀ ನಡೆಯುತ್ತದೆ. ಆರಂಭದಲ್ಲಿ ತಲೆತಿನ್ನುವ ಯುಟಿಸಿ ಇಂಥ ಕಡೆ ಋಣ ತೀರಿಸುತ್ತದೆ.

ತಿಂಗಳ ಅಂಕಣಕ್ಕೆ ಕೆಲಸ ಬರುವುದು ಹೂಮಳೆಯ ಕಾಲದಲ್ಲಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹದವಾಗಿ ಒಂದು ಇಂಚು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಅರೇಬಿಕಾ ಗಿಡಗಳೆಲ್ಲ ಬೆಳ್ಳಗಾಗುತ್ತವೆ, ತೋಟದ ತುಂಬ ಮಲ್ಲಿಗೆಯಂಥ ಘಮ. ಅದಕ್ಕೊಂದು ಸ್ಕ್ರಿಪ್ಟ್, ತಿಂಗಳ ಜಾಗದಲ್ಲಿ 2-4. ಆರು ದಿನದ ಹಿಂದೆ ಇಂಚು ದಾಟಿತ್ತೇ ಎಂದು ದಿನಾ ಹಿಂತಿರುಗಿ ನೋಡುತ್ತದೆ. ದಾಟಿದ್ದರೆ ಬೆಂಗಳೂರಿನವರಿಗೆಲ್ಲ ‘ಇನ್ನು ಮೂರು ನಾಲ್ಕು ದಿನಕ್ಕೆ ಹೂ, ಬಸ್ ಹತ್ತಿ’ ಎಂದು ಸಂದೇಶ. ಮಿಕ್ಕ ಒಂಬತ್ತು ತಿಂಗಳು ಆ ಸಾಲು ಮಲಗಿರುತ್ತದೆ.

ಯಾವ ಕುಶಲವಿದ್ಯೆಗೂ ಅದರದೇ ಚೇಷ್ಟೆಗಳಿರುತ್ತವಲ್ಲ, ಇದಕ್ಕೂ ಇವೆ. ಕೈಯಲ್ಲಿ ಓಡಿಸಿದರೆ ಓಡುವ ಸ್ಕ್ರಿಪ್ಟ್ ಕ್ರಾನ್ ಕರೆದಾಗ ಮುಷ್ಕರ ಹೂಡುತ್ತದೆ. ಕಾರಣ, ಯಾವ ಪ್ರೋಗ್ರಾಮು ಎಲ್ಲಿದೆ ಎಂದು ಹುಡುಕಲು ನಾವು ಲಾಗಿನ್ ಆದಾಗ ಸಿಗುವ ದಾರಿಪಟ್ಟಿ ಕ್ರಾನ್‌ಗೆ ಸಿಗುವುದಿಲ್ಲ. ಒಂದೊಂದು ಪ್ರೋಗ್ರಾಮಿಗೂ ಪೂರ್ತಿ ವಿಳಾಸ ಬರೆಯಬೇಕು. ಶೇಕಡಾ ಚಿಹ್ನೆ ಕಂಡರೆ ಅವನು ಅದನ್ನು ಹೊಸ ಸಾಲೆಂದು ತಿಳಿಯುತ್ತಾನೆ, ಅದರ ಹಿಂದೊಂದು ಓರೆಗೆರೆ ಹಾಕಬೇಕು. ತಾರೀಕಿನ ಜಾಗದಲ್ಲಿ 1, ವಾರದ ಜಾಗದಲ್ಲಿ 1 ಬರೆದರೆ ಒಂದನೇ ತಾರೀಕು ಸೋಮವಾರ ಬಂದಾಗ ಮಾತ್ರ ಅಂದುಕೊಳ್ಳುತ್ತೇವೆ. ಅವನು ಪ್ರತಿ ಒಂದನೇ ತಾರೀಕೂ ಓಡಿಸುತ್ತಾನೆ, ಪ್ರತಿ ಸೋಮವಾರವೂ ಓಡಿಸುತ್ತಾನೆ. ಎಲ್ಲಕ್ಕಿಂತ ಭಯಂಕರವಾದದ್ದು ಕೀಲಿಮಣೆಯಲ್ಲಿದೆ. ಕ್ರಾಂಟ್ಯಾಬ್ ತಿದ್ದಲು ‘ಇ’, ಪೂರ್ತಿ ಅಳಿಸಲು ‘ಆರ್’. ಎರಡೂ ಅಕ್ಕಪಕ್ಕದ ಕೀಲಿ, ಅಳಿಸುವಾಗ ಹೌದೋ ಅಲ್ಲವೋ ಎಂದು ಕೇಳುವ ಸೌಜನ್ಯವೂ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಆ ಪಟ್ಟಿಯ ಪ್ರತಿ ತೆಗೆದಿಡುವುದಕ್ಕೂ ಒಂದು ಸಾಲು ಅದೇ ಪಟ್ಟಿಯಲ್ಲಿರಬೇಕು.

ಮೊದಲು ಈ ಆಟವನ್ನು ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಇಟ್ಟುಕೊಂಡು ಆಡುತ್ತಿದ್ದೆ. ಆಷಾಢದ ಗಾಳಿಗೆ ಸಿಲ್ವರ್ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಹೊತ್ತು ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಮಾಡುವುದಿಲ್ಲ, ಆ ನಿಮಿಷ ಹೋಯಿತೆಂದರೆ ಹೋಯಿತು. ಹಾಗೆ ಬಿದ್ದೆದ್ದು ನಡೆಯುವ ಯಂತ್ರಗಳಿಗೆಂದೇ ಅನಾಕ್ರಾನ್ ಇದೆ. ಕೊನೆಯ ಸಲ ಯಾವ ದಿನ ಓಡಿಸಿದೆ ಎಂದು ಬರೆದಿಟ್ಟುಕೊಂಡು, ಯಂತ್ರ ಮತ್ತೆ ಎದ್ದಾಗ ಬಾಕಿ ತೀರಿಸುತ್ತದೆ. ಆದರೆ ಅದಕ್ಕೆ ದಿನದ ಲೆಕ್ಕ ಮಾತ್ರ ಗೊತ್ತು, ಗಂಟೆ ನಿಮಿಷದ ಹಂಗಿಲ್ಲ. ನನ್ನ ಸಂತೋಷವೆಲ್ಲ ನಿಮಿಷದಲ್ಲಿರುವುದರಿಂದ ಬಾಡಿಗೆ ಕಟ್ಟಿ ಸರ್ವರ್ ಹಿಡಿದೆ.

‘ಇಷ್ಟೆಲ್ಲ ಒದ್ದಾಡೋ ಬದಲು ಮಳೆಮಾಪಕಾನೂ ಆಟೋಮ್ಯಾಟಿಕ್ ಮಾಡಬಾರದಾ?’ ಎಂದು ಅಕ್ಕನ ಮಗಳು ಕೇಳುತ್ತಾಳೆ. ಮಾಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ತಾನಾಗಿ ಅಳೆದು ಕಳಿಸುವ ಮಾಪಕಗಳನ್ನು ಹಾಕಿದೆ. ನನಗೆ ಬೇಡ. ಕೆಲಸ ತಪ್ಪಿಸಿಕೊಳ್ಳಲಿಕ್ಕೆ ಕ್ರಾನ್ ಹಿಡಿದವನಲ್ಲ ನಾನು. ದಿನಾ ಮಾಡುವ ಕೆಲಸವನ್ನು ನಾವು ಯೋಚಿಸದೆ ಮಾಡುತ್ತೇವೆ. ಅದನ್ನು ಐದು ಅಂಕಣದಲ್ಲಿ ಬರೆಯಲು ಕೂತರೆ ದಿನ ಎಲ್ಲಿಗೆ ಮುಗಿಯುತ್ತದೆ, ಯಾರ ಶುಕ್ರವಾರ, ಅಂಕಿ ಬರದಿದ್ದರೆ ಏನು ಎಂದು ಬುಡದಿಂದ ಯೋಚಿಸಬೇಕು. ಆ ಯೋಚನೆಯಷ್ಟು ರುಚಿ, ಕೆಲಸ ತಾನಾಗಿ ಮುಗಿಯುವುದರಲ್ಲಿಲ್ಲ.

ಈಚೆಗೆ ಚಿಕ್ಕಪ್ಪ ಹೊಸ ಬೇಡಿಕೆ ಇಟ್ಟರು: ‘ವರ್ಷದ ಲೆಕ್ಕ ಯಾರಿಗೆ ಬೇಕು? ಆರಿದ್ರಾ ಮಳೆ ಎಷ್ಟಾಯ್ತು, ಪುನರ್ವಸು ಎಷ್ಟಾಯ್ತು, ಅದು ಹಾಕು.’ ಮಳೆನಕ್ಷತ್ರ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಕ್ರಾನ್‌ನ ಯಾವ ಅಂಕಣಕ್ಕೂ ಒಗ್ಗುವುದಿಲ್ಲ. ಅದಕ್ಕೆ ಈ ಕಸುಬಿನವರ ಹಳೇ ಉಪಾಯವಿದೆ. ದಿನಾ ಕರೆಯುವುದಷ್ಟೇ ಕ್ರಾನ್ ಪಾಲಿಗೆ. ಇವತ್ತು ಕೆಲಸವಿದೆಯೇ ಇಲ್ಲವೇ ಅನ್ನುವುದು ಸ್ಕ್ರಿಪ್ಟ್ ಪಾಲಿಗೆ. ಪಂಚಾಂಗದಿಂದ ನಕ್ಷತ್ರ ಹುಟ್ಟುವ ತಾರೀಕುಗಳನ್ನು ಒಂದು ಕಡತದಲ್ಲಿ ತುಂಬಿದೆ. ಸ್ಕ್ರಿಪ್ಟ್ ದಿನಾ ಎದ್ದು ಕಡತ ನೋಡುತ್ತದೆ, ನಕ್ಷತ್ರ ಬದಲಾಗಿರದಿದ್ದರೆ ಮಾತಿಲ್ಲದೆ ಮುಗಿಸುತ್ತದೆ, ಬದಲಾಗಿದ್ದರೆ ಮೊತ್ತ ಕೂಡುತ್ತದೆ. ಚಿಕ್ಕಪ್ಪ ನೋಡಿ ಒಪ್ಪಿದರು. ಒಪ್ಪಿದವರೇ ಹೋದ ವರ್ಷದ ಆರಿದ್ರಾ ಪಕ್ಕದಲ್ಲಿ ಬರಲಿ ಅಂದರು, ಅವರ ಅಪ್ಪನ ಕಾಲದ್ದೂ ಬರಲಿ ಅಂದರು. ಅದೆಲ್ಲ ರೈಟರ್ ಕಪಾಟಿನ ಹಳೇ ಮಳೆ ಪುಸ್ತಕಗಳಲ್ಲಿದೆ, ಇಂಚು ಸೆಂಟ್ಸಿನಲ್ಲಿ, ಶಾಯಿ ಹರಡಿದ ಕೈಬರಹದಲ್ಲಿ. ಒಂದೊಂದೇ ಅಂಕಿ ಓದಿ ತುಂಬಿಸುವ ಆ ಕೆಲಸ ಕ್ರಾನ್ ಕೈಯಲ್ಲಾಗುವಂಥದ್ದಲ್ಲ. ಈ ಭಾನುವಾರ ಮೊದಲ ಪುಸ್ತಕ ತೆಗೆಯುತ್ತೇನೆ. ಅಂಕಿ ಓದಿ ಹೇಳಲು ಚಿಕ್ಕಪ್ಪನೇ ಕನ್ನಡಕ ಹಿಡಿದು ಬರುತ್ತಾರಂತೆ.