ರಾಜಗೋಪಾಲನಗರದ ಧೂಳೂ ಟೊರಾಂಟೋದ ಹಿಮವೂ

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲವೆಂಬುದು ಪ್ರಾಥಮಿಕ ಶಾಲೆಯ ಮಗುವಿಗೂ ತಿಳಿದ ವಿಷಯ. ಬೇಸಗೆಯ ಮಳೆಯೊಡನೆ ಒಮ್ಮೊಮ್ಮೆ ಆಲಿಕಲ್ಲು ಉದುರುವುದುಂಟು; ಮಕ್ಕಳು ಬಟ್ಟಲು ಹಿಡಿದು ಅಂಗಳಕ್ಕೆ ಓಡುವಷ್ಟರಲ್ಲಿ ಅದೂ ಕರಗಿಹೋಗುತ್ತದೆ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆಯ ನೊರೆ ಗಾಳಿಗೆದ್ದು ದಾರಿಹೋಕರ ಮೇಲೂ ವಾಹನಗಳ ಮೇಲೂ ಬಂದು ಕುಳಿತಾಗ, ಆ ಚಿತ್ರಗಳನ್ನು ಕಂಡವರು ಇದು ಕಾಶ್ಮೀರವೋ ಬೆಂಗಳೂರೋ ಎಂದು ಒಂದು ಕ್ಷಣ ಬೆರಗಾಗಿದ್ದರೆ ತಪ್ಪಿಲ್ಲ. ಆದರೆ ಅದು ಊರಿನ ಆಗ್ನೇಯ ಭಾಗದ ಕಥೆ. ನಾನು ವಾಸವಾಗಿರುವ ರಾಜಗೋಪಾಲನಗರವಿರುವುದು ವಾಯವ್ಯದಲ್ಲಿ. ಮಳೆಗಾಲವೊಂದನ್ನು ಕಳೆದರೆ ಇಲ್ಲಿ ಎಡೆಬಿಡದೆ ಬೀಳುವುದು ಧೂಳು.

ಇಲ್ಲಿಗೆ ಬರಬಯಸುವವರು ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಮೆಟ್ರೋ ರೈಲಿನಿಂದ ಇಳಿಯಬಹುದು. 2014ರ ಮಾರ್ಚ್ ತಿಂಗಳಲ್ಲಿ ಆ ನಿಲ್ದಾಣ ತೆರೆದಂದಿನಿಂದ ನಮ್ಮ ನೆಂಟರಿಷ್ಟರಿಗೆ ನಮ್ಮ ಮನೆ ಸ್ವಲ್ಪ ಹತ್ತಿರವಾಗಿದೆ. ಅಲ್ಲಿಂದ ಆಟೋ ಹಿಡಿದು ಪೀಣ್ಯದ ಕೈಗಾರಿಕಾ ಪ್ರದೇಶವನ್ನು ಹಾಯ್ದು ಬಂದರೆ, ಒಂದು ಕಡೆ ಲಗ್ಗೆರೆ, ಇನ್ನೊಂದು ಕಡೆ ಹೆಗ್ಗನಹಳ್ಳಿ, ನಡುವೆ ನಮ್ಮ ಬಡಾವಣೆ. ಬಡಾವಣೆಯೆಂದೆನಷ್ಟೆ, ಕಾರ್ಖಾನೆ ಎಲ್ಲಿ ಮುಗಿಯಿತು, ಮನೆ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆದು ತೋರಿಸುವುದು ಯಾರಿಂದಲೂ ಆಗದ ಮಾತು. ಕೆಳಗೆ ಲೇತ್ ಯಂತ್ರ, ಮೇಲೆ ಸಂಸಾರ. ಕೆಳಗಿನ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಸಾಣೆ ಹಿಡಿಯುವ ಚಕ್ರ ಕಿಡಿಯುಗುಳುತ್ತಿದ್ದರೆ, ಮೇಲಿನ ಬಿಸಿಲುಮಚ್ಚಿನಲ್ಲಿ ಗೃಹಿಣಿ ಸಂಡಿಗೆ ಒಣಹಾಕುತ್ತಿರುತ್ತಾಳೆ. ನನ್ನ ಶ್ರೀಮತಿ ಮಾತ್ರ ಈ ಊರಿಗೆ ಬಂದ ವರ್ಷವೇ ಸಂಡಿಗೆಯ ಆಸೆಯನ್ನು ಕೈಬಿಟ್ಟಳು.

ನಮ್ಮ ತಂದೆಯವರು ಮೂವತ್ತು ವರ್ಷ ದುಡಿದದ್ದು ಇಂಥದೇ ಒಂದು ಗ್ರೈಂಡಿಂಗ್ ಶೆಡ್ಡಿನಲ್ಲಿ. ಆ ದುಡಿಮೆಯಲ್ಲೇ ಅಕ್ಕ ಇಂಜಿನಿಯರಾದಳು, ನಾನು ಕನ್ನಡ ಎಂ.ಎ. ಮಾಡಿ ಉಪನ್ಯಾಸಕನಾದೆ. ಅಪ್ಪನಿಗೆ ಮೂತ್ರಪಿಂಡದ ರೋಗ ಬಂದು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಸ್ಥಿತಿಯಾದಾಗ ಅಕ್ಕ ಒಂದು ಕಾರು ಕೊಂಡಳು. ಕಪ್ಪು ಬಣ್ಣದ್ದು. ಅಪ್ಪನಿಗೆ ಅದು ಹೊಸ ಮಗು ಮನೆಗೆ ಬಂದಂತಾಯಿತು. ಮೈಯಲ್ಲಿ ಕಸುವಿದ್ದ ದಿನ ತಾವೇ ಎದ್ದು ಅದಕ್ಕೆ ಸ್ನಾನ ಮಾಡಿಸುವರು. ಒಂದು ದಿನ ನಾನು ಉಪಕಾರ ಮಾಡಹೋಗಿ ಒಣಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟೆ. “ಮೊದಲು ನೀರು ಹಾಕೋ. ಅದು ಮಣ್ಣಲ್ಲ, ಸಾಣೆಪುಡಿ” ಎಂದು ಗದರಿಸಿದರು. ಹಳಬರ ಹಠವೆಂದು ನಾನು ಮನಸ್ಸಿನಲ್ಲೇ ನಕ್ಕೆ.

ಅಪ್ಪ 2022ರಲ್ಲಿ ತೀರಿಕೊಂಡರು. ಮರುವರ್ಷ ಭಾವನವರಿಗೆ ಕೆನಡಾದ ಟೊರಾಂಟೋದಲ್ಲಿ ಕೆಲಸವಾಗಿ ಅಕ್ಕನೂ ಹೊರಟು ನಿಂತಳು. ಕಾರನ್ನು ಮಾರೋಣವೆಂದರೆ ಅವಳ ಮನಸ್ಸು ಒಪ್ಪಲಿಲ್ಲ. ಬೀಗದ ಕೈ ನನ್ನ ಕೈಗಿತ್ತು, “ವಾರಕ್ಕೊಂದು ಸಲ ಓಡಿಸೋ, ಅಪ್ಪ ನೋಡಿಕೊಂಡ ಹಾಗೆ ನೋಡಿಕೋ” ಎಂದಳು.

ನೋಡಿಕೊಂಡ ಬಗೆಯನ್ನು ಈಗ ಹೇಳುತ್ತೇನೆ. ಆಯುಧಪೂಜೆಯೆಂದರೆ ರಾಜಗೋಪಾಲನಗರದಲ್ಲಿ ದೀಪಾವಳಿಗಿಂತ ದೊಡ್ಡ ಹಬ್ಬ. ವರ್ಷವೆಲ್ಲ ಗುಡುಗುಟ್ಟುವ ಯಂತ್ರಗಳು ಅಂದು ವಿಭೂತಿ ಕುಂಕುಮ ಧರಿಸಿ ಮೌನವಾಗಿ ಕುಳಿತಿರುತ್ತವೆ. ಆದರೆ ಅದಕ್ಕೆ ಮೊದಲು ಪ್ರತಿಯೊಂದು ಶೆಡ್ಡನ್ನೂ ಗುಡಿಸಿ ಝಾಡಿಸುತ್ತಾರಲ್ಲ, ಆ ಧೂಳೆಲ್ಲ ಎಲ್ಲಿಗೆ ಹೋಗಬೇಕು? ಹಬ್ಬದ ಬೆಳಗ್ಗೆ ನಾನು ಕೆಳಗಿಳಿದು ನೋಡಿದರೆ ನಮ್ಮ ಕಪ್ಪು ಕಾರು ಬೂದಿ ಬಳಿದುಕೊಂಡ ಬೈರಾಗಿಯಂತೆ ನಿಂತಿತ್ತು. ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಪೂಜೆಗೆ ಹೊತ್ತಾಗುತ್ತಿತ್ತು. ಒಗೆದು ಮಡಿಸಿಟ್ಟ ಹಳೆಯ ಪಂಚೆಯೊಂದನ್ನು ತಂದು, ಅರ್ಧ ಗಂಟೆ ಬೆವರು ಸುರಿಸಿ, ಇಡೀ ಕಾರನ್ನು ದುಂಡಗೆ ದುಂಡಗೆ ಉಜ್ಜಿದೆ. ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದದ್ದೂ ಆಯಿತು. ಬಿಸಿಲು ಏರಿದಾಗ ಕಾಣಿಸಿತು ನನ್ನ ಕೈವಾಡ. ಬಾನೆಟ್ಟಿನಿಂದ ಹಿಂಬದಿಯವರೆಗೆ, ಸೂರ್ಯನ ಬಿಂಬ ಬಿದ್ದೆಡೆಯಲ್ಲೆಲ್ಲ ಜೇಡರ ಬಲೆ ನೇಯ್ದಂತೆ ಸಾವಿರಾರು ಸೂಕ್ಷ್ಮವಾದ ಗೀರುಗಳು.

ಪಂಚೆ ಮೆತ್ತಗಿತ್ತಲ್ಲ, ಹಾಗಾದರೆ ಗೀರಿದ್ದು ಯಾವುದು? ನನ್ನ ಮಗಳು ಐದನೆಯ ತರಗತಿಯಲ್ಲಿ ಓದುತ್ತಾಳೆ. ಅವಳು ಆ ಪಂಚೆಯನ್ನು ಒಂದು ಕಾಗದದ ಮೇಲೆ ಕೊಡವಿ, ತನ್ನ ಶಾಲೆಯ ಅಯಸ್ಕಾಂತವನ್ನು ಕಾಗದದ ಅಡಿಯಲ್ಲಿ ಹಿಡಿದು ಅತ್ತಿತ್ತ ಆಡಿಸಿದಳು. ಧೂಳಿನ ಒಂದು ಭಾಗ ಮುಳ್ಳುಹಂದಿಯ ಮೈಯಂತೆ ನಿಮಿರಿ ನಿಂತು ಅಯಸ್ಕಾಂತ ಹೋದತ್ತ ಹೋಯಿತು. ಅದು ಕಬ್ಬಿಣದ ಪುಡಿ. ಉಳಿದದ್ದರಲ್ಲಿ ರಸ್ತೆಯ ಮರಳೂ ಇರುತ್ತದೆ, ಸಾಣೆಚಕ್ರ ಸವೆದು ಉದುರಿದ ಪುಡಿಯೂ ಇರುತ್ತದೆ. 1812ರಲ್ಲಿ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ ಗಡಸುತನಕ್ಕೊಂದು ಶ್ರೇಣಿಯನ್ನು ಏರ್ಪಡಿಸಿದ. ಅದರಲ್ಲಿ ಎಲ್ಲಕ್ಕಿಂತ ಮೆದುವಾದ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಮರಳಿನಲ್ಲಿರುವ ಬೆಣಚು 7ನೆಯ ಮೆಟ್ಟಿಲಲ್ಲಿದೆ. ಸಾಣೆಚಕ್ರಗಳಿಗೆ ಸಾಮಾನ್ಯವಾಗಿ ಬಳಸುವ ಅಲ್ಯುಮಿನಿಯಂ ಆಕ್ಸೈಡ್ 9ನೆಯದರಲ್ಲಿದೆ; ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ! ಇದೇ ವಸ್ತು ನೆಲದಲ್ಲಿ ಸಹಜವಾಗಿ ಸಿಕ್ಕಾಗ ಕುರುಂದವೆನ್ನಿಸಿಕೊಳ್ಳುತ್ತದೆ. ಇಂಗ್ಲಿಷರ ‘ಕೊರಂಡಂ’ ಎಂಬ ಶಬ್ದ ನಮ್ಮ ದಕ್ಷಿಣದ ಈ ಕುರುಂದದಿಂದಲೇ ಹೋದದ್ದು. ಶಬ್ದದ ಮೂಲ ಬಲ್ಲ ಮೇಷ್ಟರಿಗೆ ಅದರ ಗುಣ ತಿಳಿಯದೆ ಹೋದದ್ದನ್ನು ನೆನೆದು ನಗಬೇಕೋ ಅಳಬೇಕೋ ತೋಚಲಿಲ್ಲ.

ಇಂಥ ಪುಡಿಯ ಎದುರು ಕಾರಿನ ಬಣ್ಣ ಎಷ್ಟರದು? ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಗಡಿನ ಮೇಲಿನ ಪದರಗಳೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳಪು ಕೊಡುವ, ಬಣ್ಣವಿಲ್ಲದ, ಗಾಜಿನಂಥ ಮೇಲುಪದರ 40–50 ಮೈಕ್ರಾನ್ ಇದ್ದರೆ ಹೆಚ್ಚು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕೂದಲಿಗಿಂತ ತೆಳುವಾದ ಪದರದ ಮೇಲೆ ನಾನು ಹಬ್ಬದ ದಿನ ಸಾಣೆ ಹಿಡಿದಿದ್ದೆ!

ಜನವರಿಯಲ್ಲಿ ಒಂದು ರಾತ್ರಿ ಭಾವನವರು ಫೋನಿನಲ್ಲಿ ಮಾತನಾಡುತ್ತಿದ್ದರು. ಅಲ್ಲಿ ಆಗ ಬೆಳಗಿನ ಹೊತ್ತು. “ತಡಿ ಮಾರಾಯ, ಕಾರಿನ ಮೇಲೆ ಮೊಣಕೈ ಉದ್ದ ಹಿಮ ಬಿದ್ದಿದೆ, ತೆಗೆಯಬೇಕು” ಎಂದು ಫೋನನ್ನು ಅಕ್ಕನ ಕೈಗಿತ್ತು ಕೆಲಸಕ್ಕಿಳಿದರು. ಚಿತ್ರ ನಮಗೆ ಕಾಣುತ್ತಿತ್ತು. ಅವರು ಹಿಡಿದಿದ್ದುದು ಗುದ್ದಲಿಯನ್ನಲ್ಲ. ಉದ್ದ ಕೋಲಿನ ತುದಿಗೆ ಮೆತ್ತನೆಯ ಫೋಮ್ ಹಲಗೆಯಿದ್ದ ಒಂದು ಬಗೆಯ ಪೊರಕೆಯನ್ನು. ಛಾವಣಿಯ ಮೇಲಿನ ಹಿಮದ ರಾಶಿಯನ್ನು ಅದರಿಂದ ತಳ್ಳಿ ಬೀಳಿಸುತ್ತಿದ್ದರು. ಆದರೆ ತಳದವರೆಗೆ ಹೋಗದೆ ಬೆರಳು ಗಾತ್ರದ ಪದರವನ್ನು ಹಾಗೆಯೇ ಬಿಡುತ್ತಿದ್ದರು.

“ಅಷ್ಟನ್ನೇಕೆ ಬಿಟ್ಟಿರಿ, ಭಾವ?”

“ಹಿಮ ಗೀರುವುದಿಲ್ಲ. ಅದರ ಅಡಿಯಲ್ಲಿ ರಸ್ತೆಗೆ ಹಾಕಿದ ಉಪ್ಪು, ಮರಳು ಅಂಟಿಕೊಂಡಿರುತ್ತಲ್ಲ, ಅದನ್ನು ಎಳೆದಾಡಿದರೆ ಬಣ್ಣ ಹೋಯಿತು. ಉಳಿದದ್ದು ಎಂಜಿನ್ನಿನ ಬಿಸಿಗೋ ಬಿಸಿಲಿಗೋ ತಾನೇ ಕರಗಿ ಇಳಿಯುತ್ತದೆ.”

ಅವರ ಮಾತು ಸರಿ. ಕರಗುವ ಹದದಲ್ಲಿರುವ ಮಂಜುಗಡ್ಡೆಯ ಗಡಸುತನ ಮೋಸ್ ಶ್ರೇಣಿಯಲ್ಲಿ ಒಂದೂವರೆಯಷ್ಟು. ಚಳಿ ಹೆಚ್ಚಿದಂತೆ ಅದೂ ಗಡಸಾಗುತ್ತದೆ. ಮಂಜು ಕೆರೆಯುವ ಪ್ಲಾಸ್ಟಿಕ್ ಉಪಕರಣವನ್ನು ಗಾಜಿಗಲ್ಲದೆ ಬಣ್ಣಕ್ಕೆ ತಾಗಿಸಬಾರದಂತೆ. ಹೆಪ್ಪುಗಟ್ಟಿದ ಗಾಜಿನ ಮೇಲೆ ಬಿಸಿನೀರು ಸುರಿದರೆ ಗಾಜು ಬಿರಿಯುವ ಭಯವಿದೆ. ಛಾವಣಿಯ ಹಿಮವನ್ನು ಹಾಗೆಯೇ ಬಿಟ್ಟು ಹೊರಟವನು ಬ್ರೇಕು ಒತ್ತಿದರೆ ಆ ರಾಶಿಯೆಲ್ಲ ಮುಂಗಾಜಿನ ಮೇಲೆ ಜಾರಿ ದಾರಿಯೇ ಕಾಣದಾಗುತ್ತದೆ. ಇದನ್ನೆಲ್ಲ ಕೇಳುತ್ತ ನನಗೆ ಅಪ್ಪನ ಚೊಂಬು ನೆನಪಾಯಿತು. ಅಪ್ಪನೂ ಧೂಳನ್ನು ಒರಸುತ್ತಿರಲಿಲ್ಲ. ನೆತ್ತಿಯಿಂದ ನೀರು ಸುರಿದು, ತಾನಾಗಿ ಇಳಿದುಹೋಗಲು ಬಿಡುತ್ತಿದ್ದರು. ಹಿಮವನ್ನು ಕಣ್ಣಿನಿಂದ ಕಾಣದ ಮನುಷ್ಯ ಅವರು.

ಇಷ್ಟು ತಿಳಿದ ಮೇಲೆ ನೀರಿಗೆ ಎಲ್ಲಿಗೆ ಹೋಗುವುದು? ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಪಂಪುಗಳ ಬಲದಿಂದ ಬೆಟ್ಟವೇರಿದಂತೆ ಏರಿ. 2024ರ ಬರಗಾಲದಲ್ಲಿ ಜಲಮಂಡಲಿಯವರು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದರು. 2025ರ ಬೇಸಗೆಗೂ ಅದೇ ಆಜ್ಞೆ ಹೊರಟಿತು. ಆ ಆಜ್ಞೆಯನ್ನು ನಾನು ದೂರಲಾರೆ. ಕೊಡ ಹಿಡಿದು ಟ್ಯಾಂಕರಿನ ಮುಂದೆ ಸಾಲುಗಟ್ಟಿದವರ ಎದುರಿಗೆ ಕಾರಿಗೆ ಅಭ್ಯಂಜನ ಮಾಡಿಸುವ ಧೈರ್ಯ ಯಾರಿಗಿದೆ? ಕೊಳವೆಬಾವಿಯ ನೀರೆಂದರೆ, ಪೀಣ್ಯದ ಅಂತರ್ಜಲದಲ್ಲಿ ಕಾರ್ಖಾನೆಗಳ ಕ್ರೋಮಿಯಂ ಬೆರೆತಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅದಲ್ಲದೆ ಗಡಸು ನೀರು ಬಿಸಿಲಿಗೆ ಒಣಗಿದಲ್ಲೆಲ್ಲ ಸುಣ್ಣದ ಬಿಳಿಚುಕ್ಕೆ ಉಳಿಯುತ್ತದೆ.

ಮಳೆಯ ನೀರೊಂದೇ ಗತಿಯಾಯಿತು. ಬಿಸಿಲುಮಚ್ಚಿನ ಕೊಳವೆಯ ಬಾಯಿಗೆ ಒಂದು ನೀಲಿ ಡ್ರಮ್ಮನ್ನು ಇಟ್ಟೆ. ಮೊದಲ ಮಳೆಯ ನೀರು ಮಚ್ಚಿನ ಧೂಳನ್ನೇ ತರುವುದರಿಂದ ಅದನ್ನು ಚರಂಡಿಗೆ ಬಿಟ್ಟು, ಅನಂತರದ್ದನ್ನು ತುಂಬಿಕೊಳ್ಳುತ್ತೇನೆ. ಎರಡು ಬಕೆಟ್ ಸಾಕು. ಬಿಸಿಲೇರುವ ಮುನ್ನ, ತಗಡು ತಣ್ಣಗಿರುವಾಗ, ಛಾವಣಿಯಿಂದ ಕೆಳಗೆ ಚೊಂಬಿನಲ್ಲಿ ನಿಧಾನವಾಗಿ ಸುರಿಯುವುದು. ಧೂಳಿನ ಬಹುಪಾಲು ಅಷ್ಟಕ್ಕೇ ಇಳಿದುಹೋಗುತ್ತದೆ. ಆಮೇಲೆ ಕಾರಿನ ಶಾಂಪೂ ಬೆರೆಸಿದ ನೀರಿನಲ್ಲಿ ನೆನೆದ ಮೈಕ್ರೋಫೈಬರ್ ಬಟ್ಟೆಯನ್ನು ಭಾರ ಹಾಕದೆ ನೇರವಾಗಿ ಎಳೆಯುವುದು, ದುಂಡಗಲ್ಲ. ಒಂದು ಬಾಗಿಲು ಮುಗಿದೊಡನೆ ಬಟ್ಟೆಯನ್ನು ಎರಡನೆಯ ಬಕೆಟ್ಟಿನಲ್ಲಿ ಜಾಲಿಸುವುದು. ಆ ಬಕೆಟ್ಟಿನ ತಳದಲ್ಲಿ ಕೂರುವ ಕಪ್ಪು ಮಡ್ಡಿಯನ್ನು ನೋಡಿದರೆ ಸಾಕು, ಒಣಬಟ್ಟೆಯ ಆಸೆ ಜನ್ಮಕ್ಕೂ ಹುಟ್ಟದು. ಚಕ್ರದ ಹತ್ತಿರದ ಭಾಗಗಳಿಗೆ ಕೊನೆಯ ಸರದಿ, ಬೇರೆ ಬಟ್ಟೆ. ನೀರು ಆರಿಸುವಾಗಲೂ ಉಜ್ಜದೆ, ಹಸುಗೂಸಿನ ಮೈಯೊತ್ತುವಂತೆ ಒತ್ತಿ ತೆಗೆಯಬೇಕು.

ಡ್ರಮ್ಮು ಬರಿದಾದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಾಜನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಸುಮ್ಮನೆ ಕುಳಿತ ಒಣಧೂಳು ಯಾರನ್ನೂ ಗೀರುವುದಿಲ್ಲ. ಕಬ್ಬಿಣದ ಪುಡಿ ಮಾತ್ರ ಇಬ್ಬನಿ ಕುಡಿದು ತುಕ್ಕು ಹಿಡಿದು ಕಿತ್ತಳೆ ಬಣ್ಣದ ಚುಕ್ಕೆಯಾಗಿ ಕಚ್ಚಿಕೊಳ್ಳುತ್ತದೆಯಾದ್ದರಿಂದ ತಿಂಗಳಾನುಗಟ್ಟಲೆ ಬಿಡುವಂತಿಲ್ಲ. ಹೊದಿಕೆ ಹಾಕೆಂದು ನೆರೆಯವರು ಸಲಹೆ ಕೊಟ್ಟರು. ಧೂಳಿನ ಮೇಲೆ ಹೊದಿಸಿದ ಬಟ್ಟೆ ಗಾಳಿಗೆ ಆಡಿದರೆ, ನನ್ನ ಆಯುಧಪೂಜೆ ದಿನವೂ ನಡೆದಂತೆಯೇ.

ಈಗಾಗಲೇ ಬಿದ್ದ ಗೀರುಗಳ ಪಾಡು ಬೇರೆ. ಈ ಡಿಸೆಂಬರಿನಲ್ಲಿ ಅಕ್ಕ ಬರುವಳೆಂದು ತಿಳಿದೊಡನೆ ನನ್ನ ಎದೆ ಡವಗುಟ್ಟಿತು. ಮುಖ್ಯರಸ್ತೆಯಲ್ಲಿ ಪಾತ್ರೆಗೂ ಕಾರಿಗೂ ಪಾಲಿಷ್ ಹಾಕುವ ಹಿರಿಯರೊಬ್ಬರಿದ್ದಾರೆ, ಅಪ್ಪನನ್ನು ಬಲ್ಲವರು. ಅವರು ಬಾನೆಟ್ಟಿನ ಮೇಲೆ ದೀಪ ಹಿಡಿದು ನೋಡಿ, “ಮೇಷ್ಟ್ರೇ, ಹೋಗುತ್ತೆ. ಆದರೆ ಪಾಲಿಷ್ ಅಂದರೆ ಗೀರು ತುಂಬೋದಲ್ಲ, ಗೀರಿನ ಮಟ್ಟಕ್ಕೆ ಸುತ್ತಲಿದ್ದದ್ದನ್ನೂ ಸವೆಸೋದು. ಇದನ್ನು ವರ್ಷ ವರ್ಷ ಮಾಡಿಸೋಕೆ ಬರಬೇಡಿ” ಎಂದರು. ಹಿಂಬದಿಗೆ ಹೋದವರು ಅಲ್ಲಿ ನಿಂತರು. “ಇದೇನು ಉದ್ದಕ್ಕೆ? ಇದು ಹಳೇದು.”

ಅದು ನನ್ನದಲ್ಲ. ಕೊನೆಯ ವರ್ಷ ಅಪ್ಪ ಆಸ್ಪತ್ರೆಯಿಂದ ಬಂದು ಇಳಿಯುವಾಗ ಕಾಲು ತಡವರಿಸಿ, ಆಸರೆಗೆಂದು ಕಾರನ್ನು ಹಿಡಿಯಹೋಗಿ, ಊರುಗೋಲಿನ ಲೋಹದ ತುದಿ ಎಳೆದ ಗೆರೆ. ಅಂದು ಅವರು ಬಿದ್ದ ನೋವಿಗಿಂತ ಆ ಗೆರೆಗೆ ಹೆಚ್ಚು ಮರುಗಿದ್ದರು. “ಬಂದಮೇಲೆ ನಾನೇ ಸರಿಮಾಡ್ತೀನಿ” ಎಂದು ಮುಂದಿನ ಡಯಾಲಿಸಿಸ್‌ಗೆ ಹೋಗುವಾಗಲೂ ಹೇಳಿದ್ದರು.

ಟೊರಾಂಟೋದಲ್ಲಿ ಆಗ ನಡುರಾತ್ರಿ. ಆದರೂ ಅಕ್ಕನಿಗೆ ಫೋನು ಮಾಡಿ, ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ. “ಅಪ್ಪ ಹೇಳಿದ್ದರಲ್ಲೋ” ಎಂದಳು, ಅಷ್ಟೆ. ಹಿಂಬದಿಯ ಗೆರೆಯ ಮಾತು ಬಂದಾಗ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, “ಅದನ್ನು ಮಾತ್ರ ಮುಟ್ಟಬೇಡ ಅನ್ನೋ” ಎಂದಳು.

ಹಿರಿಯರಿಗೆ ಹೇಳಿದೆ. ಅವರು ಏನನ್ನೂ ಕೇಳದೆ ಕಾಗದದ ಟೇಪು ತಂದು, ಆ ಗೆರೆಯ ಉದ್ದಕ್ಕೂ ಎರಡು ಸುತ್ತು ಅಂಟಿಸಿ, ಅನಂತರ ಯಂತ್ರವನ್ನು ಚಾಲೂ ಮಾಡಿದರು.