ಪಾಲಾಗಬಲ್ಲ ಕಂಪ್ಯೂಟರು

ಗೇಮ್ ಆಡೋ ಕಂಪ್ಯೂಟರಿಗೂ ಆಡಿಯೊ ಕೆಲಸದ ಕಂಪ್ಯೂಟರಿಗೂ ಏನು ವ್ಯತ್ಯಾಸ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ: ಗೇಮ್ ಆಡೋರ ಕಿವಿ ಮೇಲೆ ಹೆಡ್‌ಫೋನ್ ಇರುತ್ತೆ, ಪೆಟ್ಟಿಗೆ ಎಷ್ಟು ಗುಂಯ್‌ಗುಟ್ಟಿದ್ರೂ ಅವರಿಗೆ ಕೇಳಲ್ಲ. ನಮ್ಮ ಮುಂದೆ ಮೈಕ್ ಇರುತ್ತೆ. ಅದಕ್ಕೆ ಎಲ್ಲವೂ ಕೇಳುತ್ತೆ.

ಈ ಎರಡೂ ಕೆಲಸ ಒಂದೇ ಪೆಟ್ಟಿಗೆಯಿಂದ, ಹತ್ತು ಬೈ ಹನ್ನೊಂದು ಅಡಿಯ ಒಂದೇ ರೂಮಲ್ಲಿ, 1,15,000 ರೂಪಾಯಿ ಒಳಗೆ ಆಗ್ಬೇಕಿತ್ತು. ಅದರಲ್ಲಿ 75,000 ನಂದು, 40,000 ತಮ್ಮಂದು. ನಾನು ಹಗಲು ಆಫೀಸ್ ಕೆಲಸ, ರಾತ್ರಿ ಕನ್ನಡ ಆಡಿಯೊಬುಕ್‌ಗಳಿಗೆ ಓದ್ತೀನಿ, ಬೇರೆಯವರು ಓದಿದ್ದನ್ನ ಎಡಿಟ್ ಮಾಡ್ತೀನಿ. ರಾತ್ರಿ ಕೆಲಸ ಹಗಲು ಕೆಲಸ ಆಗಬಹುದಾ ಅಂತ ಒಂದು ವರ್ಷದಿಂದ ಲೆಕ್ಕ ಹಾಕ್ತಾ ಇದ್ದೆ. ಹಳೆ ಲ್ಯಾಪ್‌ಟಾಪ್ ಆ ಲೆಕ್ಕಕ್ಕೆ ಅಡ್ಡ ನಿಂತಿತ್ತು. ಅದು ವಿಂಡೋಸ್ 11ಕ್ಕೆ ಏರಲ್ಲ ಅಂತ ಹಟ ಹಿಡಿದಿತ್ತು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯೋದಿತ್ತು. ತಮ್ಮ ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟಿದ್ದ. ಅವನಿಗೆ ಗೇಮಿಂಗ್ ಪಿಸಿ ಬೇಕು.

ಅಮ್ಮ ಫೋನಲ್ಲಿ ಕೇಳಿದ್ದು ದುಡ್ಡಿನ ವಿಷಯ ಅಲ್ಲ. "ಇಬ್ರು ಸೇರಿ ಹಸು ತಗೊಂಡು, ಮುಂದಿನ ಅರ್ಧ ನಂದು ಹಿಂದಿನ ಅರ್ಧ ನಿಂದು ಅಂದ ಕಥೆ ಆಗ್ಬಾರ್ದು ನೋಡಿ" ಅಂದ್ರು. ನಗು ಬಂತು, ಆದ್ರೆ ನಮ್ಮ ಮನೆತನದಲ್ಲಿ ಇದು ಬರೀ ಕಥೆ ಅಲ್ಲ. ಅರ್ಧ ಎಕರೆ ಅಡಿಕೆ ತೋಟದ ಪಾಲಿಗೆ ಅಪ್ಪ ಮತ್ತು ದೊಡ್ಡಪ್ಪ ಒಂಬತ್ತು ವರ್ಷ ಮಾತು ಬಿಟ್ಟಿದ್ರು. ಅಜ್ಜಿ ತೀರಿಕೊಂಡಾಗಲೂ ಇಬ್ಬರೂ ಅಂಗಳದ ಎರಡು ಮೂಲೆಯಲ್ಲಿ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ತಮ್ಮನಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತ್ತು, ಊರು ಯಾವುದು ಅಂತ ಮಾತ್ರ ತಿಳಿದಿರಲಿಲ್ಲ. ಪುಣೆ, ಹೈದರಾಬಾದ್ ಎಲ್ಲಾದ್ರೂ ಆಗಬಹುದು. ಅವನು ಹೊರಟಾಗ ಪೆಟ್ಟಿಗೆ ಯಾರ ಜೊತೆ ಹೋಗುತ್ತೆ?

ಅದಕ್ಕೇ ನಮ್ಮ ಎಕ್ಸೆಲ್ ಶೀಟಲ್ಲಿ ಬಿಡಿಭಾಗ, ಬೆಲೆ, ವಾರಂಟಿ ಜೊತೆಗೆ ಇನ್ನೊಂದು ಕಾಲಂ ಇತ್ತು: 'ಯಾರದ್ದು'. ಯಾವ ಭಾಗವೂ ಇಬ್ಬರ ಹೆಸರಲ್ಲಿ ಇರಬಾರದು ಅನ್ನೋದು ನನ್ನ ಷರತ್ತು. ಅವನು "ಅತಿಯಾಯ್ತು ಅಕ್ಕ" ಅಂದ. ಆದ್ರೂ ತುಂಬಿಸಿದ.

ಈ ಕಾಲಂ ಇದ್ದಿದ್ರಿಂದ ಮೊದಲ ದಿನವೇ ಪ್ರೊಸೆಸರ್ ಬದಲಾಯ್ತು. ಅವನ ಪಟ್ಟಿಯಲ್ಲಿ ಇದ್ದದ್ದು ರೈಜೆನ್ 5 7500ಎಫ್. ದುಡ್ಡಿಗೆ ತಕ್ಕ ಒಳ್ಳೆ ಚಿಪ್, ಗೇಮ್ ಆಡೋರೆಲ್ಲ ಹೊಗಳ್ತಾರೆ. ಆದ್ರೆ ಕೊನೆಯಲ್ಲಿರೋ ಆ 'ಎಫ್' ಇದೆಯಲ್ಲ, ಅದರರ್ಥ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಕಿತ್ತ ದಿನ ಪರದೆ ಕಪ್ಪು. ಅದೇ ಸರಣಿಯ ಎಫ್ ಇಲ್ಲದ ಚಿಪ್‌ಗಳಲ್ಲಿ ಸಣ್ಣದೊಂದು ಗ್ರಾಫಿಕ್ಸ್ ಘಟಕ ಇರುತ್ತೆ. ಅದರಲ್ಲಿ ಗೇಮ್ ಆಡೋಕೆ ಆಗಲ್ಲ, ಆದ್ರೆ ಎಡಿಟಿಂಗ್ ಸಾಫ್ಟ್‌ವೇರಿನ ಅಲೆಗಳನ್ನ ಎರಡು ಮಾನಿಟರ್‌ಗಳಲ್ಲಿ ತೋರಿಸೋಕೆ ಧಾರಾಳ ಸಾಕು. ಕಾರ್ಡ್ ಅವನದ್ದು ಅನ್ನೋದಾದ್ರೆ, ಅವನು ಅದನ್ನ ತಗೊಂಡು ಹೋದ ಮರುದಿನವೂ ನನ್ನ ಕೆಲಸ ನಡೀಬೇಕು. ಹಾಗಾಗಿ ರೈಜೆನ್ 7 7700. ಎಂಟು ಕೋರ್, ಹದಿನಾರು ಥ್ರೆಡ್, 65 ವಾಟ್. ದುಡ್ಡು ನಂದು, ಕಾಲಂನಲ್ಲಿ ಹೆಸರೂ ನಂದು.

ಅವನು ಸುಮ್ಮನೆ ಒಪ್ಪಲಿಲ್ಲ. 7800ಎಕ್ಸ್3ಡಿ ಬೇಕು ಅಂತ ಎರಡು ದಿನ ವಾದ ಮಾಡಿದ. ಅದರಲ್ಲಿ 96 ಎಂಬಿ ಎಲ್3 ಕ್ಯಾಶ್, 7700ರಲ್ಲಿ 32. ಗೇಮ್‌ಗಳಲ್ಲಿ ಆ ವ್ಯತ್ಯಾಸ ನಿಜವಾಗಿಯೂ ಕಾಣುತ್ತೆ, ಸುಳ್ಳಲ್ಲ. ಆದ್ರೆ ನಮ್ಮ ಬಜೆಟ್ಟಿನ ಕಾರ್ಡ್ ಹಾಕಿದ್ರೆ ಹೆಚ್ಚಿನ ದೊಡ್ಡ ಗೇಮ್‌ಗಳಲ್ಲಿ ಮೊದಲು ಸುಸ್ತಾಗೋದು ಕಾರ್ಡೇ.

ವಾದದ ನಡುವೆ ಒಂದು ಒಳ್ಳೆ ಸಂಗತಿ ಆಯ್ತು. ಅವನ ಮಾನಿಟರ್ 144 ಹರ್ಟ್ಸ್, ಅಂದ್ರೆ ಒಂದೊಂದು ಚಿತ್ರ ತಯಾರಾಗೋಕೆ ಸುಮಾರು 7 ಮಿಲಿಸೆಕೆಂಡ್ ಸಮಯ. ನಾನು 48 ಕಿಲೊಹರ್ಟ್ಸ್‌ನಲ್ಲಿ, 128 ಸ್ಯಾಂಪಲ್ ಬಫರ್ ಇಟ್ಕೊಂಡು ರೆಕಾರ್ಡ್ ಮಾಡ್ತೀನಿ, ಅಂದ್ರೆ ಪ್ರತಿ ತುಣುಕಿಗೆ ಸುಮಾರು 2.7 ಮಿಲಿಸೆಕೆಂಡ್. "ನಿಂದು ನನ್ನದಕ್ಕಿಂತ ಟೈಟ್ ಇದೆಯಲ್ಲ!" ಅಂದ. ಅಲ್ಲಿವರೆಗೆ ನನ್ನ ಕೆಲಸ ಅಂದ್ರೆ ವರ್ಡ್ ಫೈಲ್ ಥರ ಏನೋ ಅಂದ್ಕೊಂಡಿದ್ದ. ಗೇಮಲ್ಲಿ ಒಂದು ಫ್ರೇಮ್ ತಪ್ಪಿದ್ರೆ ಕಣ್ಣು ಮರೆತುಬಿಡುತ್ತೆ. ಆಡಿಯೊದಲ್ಲಿ ಗಡುವು ತಪ್ಪಿದ್ರೆ 'ಚಟಕ್' ಅಂತ ಒಂದು ಸದ್ದು ವಾಕ್ಯದ ಮಧ್ಯೆ ಕೂತುಬಿಡುತ್ತೆ, ಆ ವಾಕ್ಯ ಮತ್ತೆ ಓದ್ಬೇಕು. ಇಂಥ ಚಟಕ್‌ಗೆ ಎಷ್ಟೋ ಸಲ ಪ್ರೊಸೆಸರ್ ಕಾರಣ ಅಲ್ಲವೇ ಅಲ್ಲ, ವೈ-ಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ನಡುವೆ ಬಾಯಿ ಹಾಕಿರುತ್ತೆ. ಲೇಟೆನ್ಸಿಮಾನ್ ಅನ್ನೋ ಉಚಿತ ಸಾಧನ ಓಡಿಸಿದ್ರೆ ಯಾರು ಬಾಯಿ ಹಾಕಿದ್ದು ಅಂತ ಗೊತ್ತಾಗುತ್ತೆ. ಈಗ ನಾನು ಲ್ಯಾನ್ ಕೇಬಲ್ ಬಳಸ್ತೀನಿ, ರೆಕಾರ್ಡಿಂಗ್ ವೇಳೆ ವೈ-ಫೈ ಬಂದ್.

ಇನ್ನು ಸದ್ದಿನ ವಿಷಯ. ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಗೇಮಿಂಗ್ ಪಿಸಿ ಬಗ್ಗೆ ಬರೆಯೋರು ಯಾರೂ ಇದನ್ನ ಮೈಕಿನ ಪಕ್ಕ ಕೂತು ಹೇಳಲ್ಲ.

ಆಡಿಯೊಬುಕ್ ಲೋಕದಲ್ಲಿ ಬಹಳ ಬಳಕೆಯಲ್ಲಿರೋ ಅಳತೆ ಪ್ರಕಾರ, ನಾವು ಮಾತಾಡದೇ ಇದ್ದಾಗ ಉಳಿಯೋ ಹಿನ್ನೆಲೆ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಹೆಚ್ಚಿರಬಾರದು. ಹಳೆ ಲ್ಯಾಪ್‌ಟಾಪ್ ಫ್ಯಾನ್ ಶುರುವಾದ್ರೆ ನಂದು ದಾಟ್ತಿತ್ತು. ಸಾಫ್ಟ್‌ವೇರಲ್ಲಿ ಸದ್ದು ಅಳಿಸಬಹುದಲ್ಲ ಅಂತೀರಾ? ಅಳಿಸಬಹುದು. ಆದ್ರೆ ಕನ್ನಡ ಓದೋರಿಗೆ ಅದರಲ್ಲಿ ಒಂದು ಪೆಟ್ಟಿದೆ. ಫ್ಯಾನಿನ ಸದ್ದೂ ಮಹಾಪ್ರಾಣದ ಉಸಿರೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ಜೋರಾಗಿ ಅಳಿಸಿದ್ರೆ 'ಧರ್ಮ' ಹೋಗಿ 'ದರ್ಮ' ಉಳಿಯುತ್ತೆ. 'ಸ', 'ಶ' ಎರಡೂ ನೀರಲ್ಲಿ ನೆನೆದ ಹಾಗಾಗುತ್ತೆ. ಇಷ್ಟು ವರ್ಷ ಉಚ್ಚಾರ ತಿದ್ದಿಕೊಂಡಿದ್ದು ಫ್ಯಾನಿಗೆ ಬಲಿ ಕೊಡೋಕಾ?

ಒಂದೇ ಸಮ ಗುಂಯ್ ಅನ್ನೋ ಸದ್ದು ಆದ್ರೂ ವಾಸಿ. ಏರಿಳಿಯೋ ಸದ್ದು ಅದಕ್ಕಿಂತ ಕೆಟ್ಟದ್ದು. ಬ್ರೌಸರ್ ತೆರೆದ ಕೂಡಲೇ ಫ್ಯಾನ್ ಜೋರಾಗೋದು, ಎರಡು ಸೆಕೆಂಡಿಗೆ ಸುಮ್ಮನಾಗೋದು, ಇದನ್ನ ಎಡಿಟಿಂಗಲ್ಲಿ ತೆಗೆಯೋದು ತಲೆನೋವು. ಅದಕ್ಕೆ ಪ್ರೊಸೆಸರ್ ಡಬ್ಬದ ಜೊತೆ ಬಂದ ಬಣ್ಣದ ದೀಪದ ಕೂಲರ್ ಪಕ್ಕಕ್ಕಿಟ್ಟು, ಮೂರು ಸಾವಿರದ ಟವರ್ ಕೂಲರ್ ಹಾಕಿದ್ವಿ. ಚಿಪ್ 65 ಡಿಗ್ರಿ ಮುಟ್ಟೋವರೆಗೂ ಫ್ಯಾನ್ ಒಂದೇ ನಿಧಾನ ವೇಗದಲ್ಲಿ ತಿರುಗೋ ಹಾಗೆ ಬಯೋಸ್‌ನಲ್ಲಿ ಗೆರೆ ಎಳೆದೆ. ಲಿಕ್ವಿಡ್ ಕೂಲಿಂಗ್ ತಮ್ಮನಿಗೆ ಆಸೆ ಇತ್ತು. ಅದರ ಪಂಪ್ ನಿಲ್ಲೋದೇ ಇಲ್ಲ, ಸದಾ ಒಂದು ಸಣ್ಣ ಝೇಂಕಾರ, ಹಾಗಾಗಿ ಬೇಡ ಅಂದೆ. ಪವರ್ ಸಪ್ಲೈ 650 ವಾಟ್, ಗೋಲ್ಡ್ ದರ್ಜೆ, ಕಡಿಮೆ ಹೊರೆ ಇದ್ದಾಗ ಫ್ಯಾನೇ ತಿರುಗದ ಮಾದರಿ.

ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಅವನ ಆಯ್ಕೆ, ಅವನ ದುಡ್ಡು: ಆರ್‌ಟಿಎಕ್ಸ್ 5060, 8 ಜಿಬಿ, 145 ವಾಟ್. 8 ಜಿಬಿ ಕಡಿಮೆ ಅಂತ ನನಗನಿಸಿತು, ಈಗಲೂ ಅನಿಸುತ್ತೆ. ಆದ್ರೆ 16 ಜಿಬಿಯ ಕಾರ್ಡ್ ಅವನ ಜೇಬಿಗೆ ಎಟುಕ್ತಿರಲಿಲ್ಲ, ನನ್ನ ಜೇಬಿಂದ ಸೇರಿಸಿದ್ರೆ ಕಾಲಂ ಕೆಡುತ್ತೆ. ನಾನು ಕೇಳಿದ್ದು ಒಂದೇ: ಗೇಮ್ ಇಲ್ಲದಾಗ ಅದರ ಫ್ಯಾನ್ ಪೂರ್ತಿ ನಿಲ್ಲಬೇಕು. ರ್‍ಯಾಮ್ 32 ಜಿಬಿ, ಎರಡು ಕಡ್ಡಿಯಲ್ಲಿ. ನಾಲ್ಕು ಕಡ್ಡಿ ಹಾಕಿದ್ರೆ ಈ ಪ್ಲಾಟ್‌ಫಾರಮಲ್ಲಿ ವೇಗ ಇಳಿಸಬೇಕಾಗುತ್ತೆ. ಎಸ್‌ಎಸ್‌ಡಿ ಎರಡು: ವಿಂಡೋಸ್ ಮತ್ತು ನನ್ನ ಫೈಲ್‌ಗಳು ಇರೋದು ನಂದು, ಗೇಮ್‌ಗಳು ಇರೋದು ಅವನದ್ದು. ಎರಡೂ ಒಂದೊಂದು ಟಿಬಿ. ಇಷ್ಟಾದ ಮೇಲೆ ಅವನ ಲೆಕ್ಕದಲ್ಲಿ ಮೂರು ಸಾವಿರ ಚಿಲ್ಲರೆ ಉಳೀತು. ಯುಪಿಎಸ್‌ಗೆ ಹಾಕ್ತೀನಿ ಅಂದ. ಇಬ್ಬರ ಹೆಸರು ಬಿದ್ದ ಒಂದೇ ವಸ್ತು ಅದು. ಬೇಡ ಅಂದ್ರೆ ಕೇಳಲಿಲ್ಲ.

ಖರೀದಿಗೆ ಜೂನ್‌ನ ಒಂದು ಶನಿವಾರ ಎಸ್.ಪಿ. ರೋಡಿಗೆ ಹೋದ್ವಿ. ಬೆಂಗಳೂರಿನವರಿಗೆ ಗೊತ್ತು, ಕಂಪ್ಯೂಟರಿನ ಒಂದು ಸ್ಕ್ರೂ ಬೇಕಾದ್ರೂ ಅಲ್ಲಿ ಸಿಗುತ್ತೆ, ಗಾಡಿ ನಿಲ್ಲಿಸೋಕೆ ಜಾಗ ಮಾತ್ರ ಸಿಗಲ್ಲ. ಪಟ್ಟಿ ಇದ್ದದ್ದು ನನ್ನ ಕೈಯಲ್ಲಿ. ಅಂಗಡಿಯವರು ಮಾತಾಡಿದ್ದೆಲ್ಲ ತಮ್ಮನ ಹತ್ರ. "ಸರ್, ಯಾವ ಗೇಮ್ ಆಡ್ತೀರಿ? ಗ್ಲಾಸ್ ಕ್ಯಾಬಿನೆಟ್ ತಗೊಳ್ಳಿ, ಆರು ಆರ್‌ಜಿಬಿ ಫ್ಯಾನ್ ಬರುತ್ತೆ." ಆರು ಅಗ್ಗದ ಫ್ಯಾನ್ ಅಂದ್ರೆ ನನಗೆ ಆರು ಶತ್ರುಗಳು. ಮುಂದೆ ಜಾಲರಿ ಇರೋ, ದೊಡ್ಡ ಎರಡು ಫ್ಯಾನಿನ ಕ್ಯಾಬಿನೆಟ್ ಕೊಡಿ ಅಂದೆ. ದೊಡ್ಡ ರೆಕ್ಕೆ ನಿಧಾನ ತಿರುಗಿದ್ರೂ ಬೇಕಾದಷ್ಟು ಗಾಳಿ ಬರುತ್ತೆ, ಸದ್ದು ಕಡಿಮೆ. "ಮೇಡಂಗೆ ಏನ್ ಕೆಲಸಕ್ಕೆ, ಟೈಪಿಂಗಾ?" ಅಂತ ಕೇಳಿದ್ರು. ತಮ್ಮ ಥಟ್ ಅಂತ, "ಇಲ್ಲ, ಅವರದ್ದು 2.7 ಮಿಲಿಸೆಕೆಂಡ್ ಕೆಲಸ" ಅಂದ. ಅಂಗಡಿಯವರಿಗೆ ಏನೂ ಅರ್ಥ ಆಗಲಿಲ್ಲ. ನಂಗೆ ಆಯ್ತು.

ಜೋಡಿಸಿದ್ದು ಮನೆಯಲ್ಲೇ, ನೆಲದ ಮೇಲೆ ಕೂತು. ಮೊದಲ ಸಲ ಬಟನ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಬರಲಿಲ್ಲ. ಈ ಡಿಡಿಆರ್5 ಬೋರ್ಡ್‌ಗಳು ಮೊದಲ ಸಲ ರ್‍ಯಾಮನ್ನ ಪರೀಕ್ಷಿಸಿ ಹೊಂದಿಸಿಕೊಳ್ಳೋಕೆ ಕೆಲವು ನಿಮಿಷ ತಗೊಳ್ತವೆ ಅಂತ ಓದಿ ತಿಳಿದಿದ್ದೆ. ತಿಳಿದಿರೋದಕ್ಕೂ 1,15,000 ರೂಪಾಯಿಯ ಕಪ್ಪು ಪರದೆ ಮುಂದೆ ಕೂರೋದಕ್ಕೂ ಬಹಳ ವ್ಯತ್ಯಾಸ ಇದೆ. ತಮ್ಮ ಎರಡು ಸಲ ಆಫ್ ಮಾಡೋಕೆ ಕೈ ಚಾಚಿದ. ನಾನು ಕೈ ಹಿಡ್ಕೊಂಡೆ. ನಾಲ್ಕನೇ ನಿಮಿಷಕ್ಕೆ ಲೋಗೊ ಬಂತು.

ಹೊಸ ಪೆಟ್ಟಿಗೆ ಎಷ್ಟು ಶಾಂತವಾಗಿತ್ತು ಅಂದ್ರೆ, ಮೊದಲ ರೆಕಾರ್ಡಿಂಗಲ್ಲಿ ಮನೆಯ ಬೇರೆ ಸದ್ದೆಲ್ಲ ಎದ್ದು ಕೂತವು. ಪಕ್ಕದ ಕಟ್ಟಡದ ಬೋರ್‌ವೆಲ್ ಮೋಟಾರ್, ಫ್ರಿಡ್ಜ್. ಜೊತೆಗೆ 50 ಹರ್ಟ್ಸ್‌ನ ಒಂದು ಗುಂಯ್. ಅದರ ಮೂಲ ಕಂಪ್ಯೂಟರ್ ಅಲ್ಲ, ಗೋಡೆಯ ಸಾಕೆಟ್. ಮೂರು ತೂತಿದ್ರೂ ಒಳಗೆ ಅರ್ತಿಂಗ್ ವೈರ್ ಜೋಡಿಸೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಿ 600 ರೂಪಾಯಿ ತಗೊಂಡ. ಬಾಡಿಗೆ ಮನೆಯಲ್ಲಿ ಇರೋರು ಯಾವ ಬಿಡಿಭಾಗ ತಗೊಳ್ಳೋಕೆ ಮುಂಚೆಯೂ ಇದೊಂದನ್ನ ನೋಡಿಸಿ, ಸದ್ದಿಗೆ ಅಷ್ಟೇ ಅಲ್ಲ, ಜೀವಕ್ಕೂ ಒಳ್ಳೇದು.

ಎರಡು ತಿಂಗಳು ಹೀಗೆ ನಡೀತು: ಎಂಟರಿಂದ ಹನ್ನೊಂದು ಅವನ ಪಾಳಿ, ಹನ್ನೊಂದರಿಂದ ಎರಡು ನನ್ನದು. ಅವನು ಎದ್ದುಹೋದ ಮೇಲೆ ರೂಮು ತಣ್ಣಗಾಗೋಕೆ ಅರ್ಧ ಗಂಟೆ ಬೇಕಿತ್ತು, ಆ ಹೊತ್ತಲ್ಲಿ ನಾನು ಎಡಿಟಿಂಗ್ ಮಾಡ್ತಿದ್ದೆ, ಆಮೇಲೆ ಓದು. ಆಗಸ್ಟ್ ಕೊನೆಗೆ ಕಾಗದ ಬಂತು. ಪುಣೆ.

ಹೋಗೋ ಹಿಂದಿನ ರಾತ್ರಿ ಅವನೇ ಸ್ಕ್ರೂಡ್ರೈವರ್ ತಗೊಂಡು ಕೂತ. ಕಾರ್ಡ್ ಬಿಚ್ಚಿ ಅದರದ್ದೇ ಡಬ್ಬಕ್ಕೆ ಹಾಕಿದ, ಎಸ್‌ಎಸ್‌ಡಿ ತೆಗೆದು ಟಿಶ್ಯೂನಲ್ಲಿ ಸುತ್ತಿದ. ಮಾನಿಟರಿನ ಕೇಬಲ್ಲನ್ನ ಬೋರ್ಡಿನ ಪೋರ್ಟಿಗೆ ಚುಚ್ಚಿ, ಆನ್ ಮಾಡಿ, ನನ್ನ ಪ್ರಾಜೆಕ್ಟ್ ಫೈಲ್ ತೆರೆದು ಪ್ಲೇ ಒತ್ತಿ ನೋಡಿದ. ನನ್ನ ದನಿ ಬಂತು. ಕಾರ್ಡ್ ಇದ್ದ ಜಾಗದಲ್ಲಿ ಹಿಂದೆ ಎರಡು ಸೀಳು ಬಾಯಿ ಬಿಟ್ಕೊಂಡಿದ್ವು. ಅವುಗಳ ತಗಡಿನ ಮುಚ್ಚಳಗಳನ್ನ ಜೂನ್‌ನಲ್ಲೇ ಒಂದು ಕವರಲ್ಲಿ ಹಾಕಿ, ಬೋರ್ಡಿನ ಡಬ್ಬದೊಳಗೆ ಟೇಪ್ ಹಾಕಿ ಅಂಟಿಸಿಟ್ಟಿದ್ದ. ಕವರಿನ ಮೇಲೆ ಪೆನ್ನಲ್ಲಿ 'ಅಕ್ಕಂದು' ಅಂತ ಬರೆದಿತ್ತು.

ಈಗ ಅವನು ಅಲ್ಲಿ ಹೊಸ ಪೆಟ್ಟಿಗೆ ಜೋಡಿಸೋ ಲೆಕ್ಕದಲ್ಲಿದ್ದಾನೆ. ಅಷ್ಟರಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳೋಕೆ ಶುರು ಮಾಡಿ, 2025ರ ಕೊನೆಗೆ ರ್‍ಯಾಮ್ ಬೆಲೆ ನಾವು ಕೊಟ್ಟಿದ್ದರ ಎರಡು ಪಟ್ಟಿಗೂ ಮೇಲೆ ಹೋಯ್ತು. ಮೊನ್ನೆ ಫೋನ್ ಮಾಡಿದ್ದ.

"ಅಕ್ಕ, ನಿಂಗೆ 32 ಜಿಬಿ ಯಾಕೆ? 16 ಸಾಕಲ್ವಾ? ಒಂದು ಕಡ್ಡಿ ಕಳಿಸು."

"ಶೀಟ್ ತೆಗೆದು ನೋಡು," ಅಂದೆ. "ಯಾರದ್ದು ಅಂತಿದೆ?"

ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. ಆಮೇಲೆ, "ಹಾಗಾದ್ರೆ ಯುಪಿಎಸ್‌ನಲ್ಲಿ ನನ್ನ ಮೂರು ಸಾವಿರ ಇದೆಯಲ್ಲ, ಅದು?"